ಕತ್ತರಿಸಿ ಕಟ್ಟುವ ಕಿಣ್ವ

ಬೆಂಗಳೂರು ದಂಡುಪ್ರದೇಶದ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಲಾದ, ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರು ಹೊತ್ತ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ, ಹಣ್ಣು, ಹೂವು, ಮೀನು, ಮಾಂಸಗಳೆಲ್ಲ ಅಕ್ಕಪಕ್ಕದಲ್ಲೇ ಬಿಕರಿಯಾಗುವುದರಿಂದ, ಜೀವರಸಾಯನ ವಿಜ್ಞಾನದ ಒಂದು ಹಳೆಯ ಪ್ರಶ್ನೆಯನ್ನು ವಿವರಿಸಲು ಅದಕ್ಕಿಂತ ಅನುಕೂಲವಾದ ಜಾಗ ನಗರದಲ್ಲಿ ಸಿಗುವುದು ಕಷ್ಟ. ಆಲೂಗಡ್ಡೆ, ಸಿಹಿಗೆಣಸು, ಬಾಳೆಕಾಯಿ, ಮುಸುಕಿನ ಜೋಳ, ಹಸಿ ಬಟಾಣಿ, ಮಟನ್ ಅಂಗಡಿಯಲ್ಲಿ ಕಲೇಜಿ ಎಂದು ಕೇಳಿ ಪಡೆಯುವ ಕುರಿಯ ಯಕೃತ್ತು, ಇವೆಲ್ಲ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದು ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಅಣುಗಳನ್ನು ಪೋಣಿಸಿದ ಸರಪಳಿಗಳ ರೂಪದಲ್ಲಿ. ಆದರೂ ಆಲೂಗಡ್ಡೆಯಲ್ಲಿರುವುದು ತಣ್ಣೀರಿನಲ್ಲಿ ಕರಗದೆ ತಳಕ್ಕಿಳಿದು ಕೂರುವ ಬಿಳಿಯ ಪಿಷ್ಟ. ಯಕೃತ್ತಿನಲ್ಲಿರುವುದು ನೀರಿನಲ್ಲಿ ಮಬ್ಬುಮಬ್ಬಾಗಿ ಬೆರೆತುಹೋಗುವ ಗ್ಲೈಕೋಜನ್. ಘಟಕ ಒಂದೇ, ಅವನ್ನು ಕೂಡಿಸುವ ಬಂಧಗಳೂ ಒಂದೇ ಬಗೆಯವು. ವ್ಯತ್ಯಾಸವಿರುವುದು ಸರಪಳಿ ಎಲ್ಲೆಲ್ಲಿ, ಎಷ್ಟೆಷ್ಟು ಅಂತರಕ್ಕೆ ಕವಲೊಡೆದಿದೆ ಎಂಬುದರಲ್ಲಿ ಮಾತ್ರ. ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳಿಗೆ ಕಿಣ್ವ ಎಂದು ಹೆಸರು. ಆ ಕಿಣ್ವಗಳಲ್ಲಿ ಕವಲಿನ ಕೆಲಸಕ್ಕೆ ಮೀಸಲಾದದ್ದು ಕವಲು ಕಿಣ್ವ. ಇದು ಸಂಗ್ರಹಕ್ಕೆ ಒಂದೇ ಒಂದು ಗ್ಲೂಕೋಸನ್ನೂ ಹೊಸದಾಗಿ ಸೇರಿಸುವುದಿಲ್ಲವಾದರೂ ಸಂಗ್ರಹದ ಗುಣವನ್ನೆಲ್ಲ ನಿರ್ಧರಿಸುವುದು ಬಹುಮಟ್ಟಿಗೆ ಇದೇ ಎಂಬುದು ವಿಚಿತ್ರವಾದರೂ ನಿಜ.

ಗ್ಲೂಕೋಸ್ ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳಿದ್ದು, ರಸಾಯನ ವಿಜ್ಞಾನಿಗಳು ಅವಕ್ಕೆ ಒಂದರಿಂದ ಆರರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಒಂದು ಗ್ಲೂಕೋಸಿನ ಮೊದಲನೆಯ ಇಂಗಾಲ ಮತ್ತೊಂದರ ನಾಲ್ಕನೆಯ ಇಂಗಾಲದೊಡನೆ ಆಮ್ಲಜನಕದ ಮೂಲಕ ಬೆಸೆದುಕೊಂಡರೆ ಸರಪಳಿ ಒಂದೇ ದಿಕ್ಕಿನಲ್ಲಿ ಬೆಳೆಯುತ್ತ ಹೋಗಿ ಸುರುಳಿ ಸುತ್ತಿಕೊಳ್ಳುತ್ತದೆ. ಇದನ್ನು ಒಂದು-ನಾಲ್ಕು ಬಂಧ ಎನ್ನುತ್ತಾರೆ. ಹಾಗೆ ಬೆಳೆದ ಸರಪಳಿಯ ನಡುವಿನ ಯಾವುದೋ ಗ್ಲೂಕೋಸಿನ ಆರನೆಯ ಇಂಗಾಲಕ್ಕೆ ಇನ್ನೊಂದು ಸರಪಳಿಯ ಬುಡ ಬಂದು ಬೆಸೆದುಕೊಂಡರೆ ಅಲ್ಲಿ ಕವಲು ಹುಟ್ಟುತ್ತದೆ. ಇದು ಒಂದು-ಆರು ಬಂಧ. ಪಿಷ್ಟ ಮತ್ತು ಗ್ಲೈಕೋಜನ್‌ಗಳಲ್ಲಿ ಇವೆರಡನ್ನು ಬಿಟ್ಟರೆ ಬೇರೆ ಬಂಧವಿಲ್ಲ.

ಇಷ್ಟೆಲ್ಲ ಪೋಣಿಸುವ ಗೋಜೇಕೆ, ಸಕ್ಕರೆಯನ್ನು ಸಕ್ಕರೆಯಾಗಿಯೇ ಇಟ್ಟುಕೊಳ್ಳಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ನೀರಿನಲ್ಲಿದೆ. ಕೋಶದೊಳಗೆ ಬಿಡಿ ಅಣುಗಳು ಹೆಚ್ಚಿದಷ್ಟೂ ಹೊರಗಿನ ನೀರು ಒಳನುಗ್ಗುತ್ತದೆ. ಇದಕ್ಕೆ ಅಭಿಸರಣ ಎಂದು ಹೆಸರು. ಊಟವಾದ ಮೇಲೆ ಯಕೃತ್ತಿನ ಕೋಶದಲ್ಲಿ ಕೂಡಿಡಲಾದ ಗ್ಲೂಕೋಸೆಲ್ಲ ಬಿಡಿಬಿಡಿಯಾಗಿ ಕರಗಿದ್ದರೆ ಅದರ ಸಾಂದ್ರತೆ ಸುಮಾರು 0.4 ಮೋಲಾರ್ ಆಗುತ್ತಿತ್ತೆಂದು ಲೆಕ್ಕಹಾಕಿದ್ದಾರೆ. ರಕ್ತದಲ್ಲಿರುವುದು ಅದರ ಎಂಬತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 5 ಮಿಲಿಮೋಲಾರ್. ಅಂಥ ಕೋಶ ನೀರು ಕುಡಿದು ಒಡೆದೇಹೋದೀತು. ಸಾವಿರಾರು ಗ್ಲೂಕೋಸುಗಳನ್ನು ಒಂದೇ ಅಣುವಾಗಿ ಹೆಣೆದಾಗ ಅಣುಗಳ ಸಂಖ್ಯೆ ಇಳಿದು ಈ ಅಪಾಯ ತಪ್ಪುತ್ತದೆ, ಆದರೆ ಇನ್ನೊಂದು ತೊಡಕು ಎದುರಾಗುತ್ತದೆ: ಕವಲಿಲ್ಲದ ಉದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಿ ಕರಗದಂತಾಗುತ್ತವೆ, ಮತ್ತು ಅಂಥ ಸರಪಳಿಗೆ ಗ್ಲೂಕೋಸನ್ನು ಕಳಚಿಕೊಳ್ಳಬಹುದಾದ ತುದಿ ಒಂದೇ ಇರುತ್ತದೆ.

ಯಕೃತ್ತಿನಲ್ಲಿ ಇಂಥದೊಂದು ಸಂಗ್ರಹವಿದೆಯೆಂದು ಮೊದಲು ತೋರಿಸಿಕೊಟ್ಟವನು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲೋದ್ ಬರ್ನಾರ್. ಆಗಷ್ಟೇ ಸತ್ತ ಪ್ರಾಣಿಯ ಯಕೃತ್ತಿನ ರಕ್ತನಾಳಕ್ಕೆ ನೀರು ಹರಿಸಿ, ಹೊರಬರುವ ನೀರಿನಲ್ಲಿ ಸಕ್ಕರೆಯ ಸುಳಿವೇ ಇಲ್ಲದಂತಾಗುವವರೆಗೆ ಅದನ್ನು ತೊಳೆದಿಟ್ಟ ಬರ್ನಾರ್‌ಗೆ ಮರುದಿನ ಅದೇ ಯಕೃತ್ತಿನಲ್ಲಿ ಮತ್ತೆ ಸಕ್ಕರೆ ಕಂಡಿತು. ನೀರಿಗೆ ತೊಳೆದುಹೋಗದ ಯಾವುದೋ ಪದಾರ್ಥ ಒಳಗೇ ಉಳಿದು ನಿಧಾನವಾಗಿ ಸಕ್ಕರೆಯಾಗುತ್ತಿದೆ ಎಂದು ಆತ ತರ್ಕಿಸಿ, 1857ರಲ್ಲಿ ಅದನ್ನು ಬೇರ್ಪಡಿಸಿ ಗ್ಲೈಕೋಜನ್ ಎಂದು ಕರೆದ. ಅದು ಕಟ್ಟಿಕೊಳ್ಳುವ ಬಗೆ ತಿಳಿಯಲು ಇನ್ನೂ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅಮೆರಿಕದ ಸೇಂಟ್ ಲೂಯಿಯಲ್ಲಿ ಕೆಲಸ ಮಾಡುತ್ತಿದ್ದ ಗೆರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿ ಸ್ನಾಯುವಿನಿಂದ ಶುದ್ಧಗೊಳಿಸಿದ ಫಾಸ್ಫೊರಿಲೇಸ್ ಎಂಬ ಕಿಣ್ವದಿಂದ ಪ್ರಯೋಗನಾಳದಲ್ಲಿ ಗ್ಲೂಕೋಸ್ ಸರಪಳಿಗಳನ್ನು ಬೆಳೆಸಿದಾಗ, ಪ್ರಾಣಿಯ ಕಿಣ್ವದಿಂದ ಹುಟ್ಟಿದ ಆ ಪದಾರ್ಥ ಅಯೋಡಿನ್ ಸೋಕಿದೊಡನೆ ಸಸ್ಯದ ಪಿಷ್ಟದ ಹಾಗೆ ಗಾಢ ನೀಲಿಗೆ ತಿರುಗಿತು. ಯಕೃತ್ತು ಅಥವಾ ಹೃದಯದಿಂದ ತೆಗೆದ ಮತ್ತೊಂದು ಅಂಶವನ್ನು ಅದಕ್ಕೆ ಬೆರೆಸಿದಾಗ ಮಾತ್ರ ಗ್ಲೈಕೋಜನ್‌ಗೆ ಸಹಜವಾದ ಕೆಂಗಂದು ಬಣ್ಣ ಕಾಣಿಸಿಕೊಂಡಿತು. ಅಯೋಡಿನ್ ನೀಲಿಯಾಗುವುದು ಉದ್ದ ಸುರುಳಿಯ ಒಳಗೆ ಸೇರಿಕೊಂಡಾಗ. ಸರಪಳಿಗಳು ಗಿಡ್ಡವಾದಷ್ಟೂ ಬಣ್ಣ ನೇರಳೆಗೆ, ಕೆಂಪಿಗೆ, ಕಂದಿಗೆ ಜಾರುತ್ತದೆ. 1943ರಲ್ಲಿ ಪ್ರಕಟವಾದ ಈ ಪ್ರಯೋಗದ ‘ಮತ್ತೊಂದು ಅಂಶ’ವೇ ಕವಲು ಕಿಣ್ವ. ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಫಾಸ್ಫೊರಿಲೇಸ್ ದೇಹದಲ್ಲಿ ಮಾಡುವುದು ಕಟ್ಟುವ ಕೆಲಸವನ್ನಲ್ಲ, ಕಳಚುವ ಕೆಲಸವನ್ನು ಎಂಬುದು ಬಳಿಕ ಸ್ಪಷ್ಟವಾಯಿತು. ಸರಪಳಿಯನ್ನು ನಿಜವಾಗಿ ಉದ್ದಮಾಡುವ ಗ್ಲೈಕೋಜನ್ ಸಿಂಥೇಸ್ ಕಿಣ್ವವನ್ನು ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್ 1957ರಲ್ಲಿ ಗುರುತಿಸಿದರು.

ಸಿಂಥೇಸ್‌ಗೆ ಗೊತ್ತಿರುವುದು ತುದಿಗೆ ಒಂದೊಂದೇ ಗ್ಲೂಕೋಸ್ ಸೇರಿಸುವುದಷ್ಟೇ. ಸರಪಳಿ ಕನಿಷ್ಠ ಹನ್ನೊಂದು ಗ್ಲೂಕೋಸುಗಳಷ್ಟು ಬೆಳೆದ ಮೇಲೆ ಕವಲು ಕಿಣ್ವ ಬಂದು ತುದಿಯ ಸುಮಾರು ಏಳು ಗ್ಲೂಕೋಸುಗಳ ತುಂಡನ್ನು ಕತ್ತರಿಸಿ, ಅದನ್ನು ಕೈಬಿಡದೆ, ಅದೇ ಸರಪಳಿಯ ಅಥವಾ ಪಕ್ಕದ ಸರಪಳಿಯ ನಡುಭಾಗಕ್ಕೆ ಒಂದು-ಆರು ಬಂಧದಿಂದ ಕೂಡಿಸುತ್ತದೆ. ಹೊಸ ಕವಲು ಹಳೆಯ ಕವಲಿನಿಂದ ಕನಿಷ್ಠ ನಾಲ್ಕು ಗ್ಲೂಕೋಸುಗಳಷ್ಟಾದರೂ ದೂರವಿರಬೇಕೆಂಬ ಕಟ್ಟುಪಾಡೂ ಅದಕ್ಕುಂಟು. ಮಾವಿನ ಗಿಡಕ್ಕೆ ಕಸಿ ಕಟ್ಟುವವರು ಕುಡಿಯನ್ನು ಕತ್ತರಿಸಿ ಮತ್ತೊಂದು ಕಾಂಡದ ಸೀಳಿಗೆ ಕೂರಿಸುವಂಥದೇ ಕೆಲಸ ಇದು. ಒಂದು ತುದಿಯಿದ್ದಲ್ಲಿ ಎರಡು ತುದಿಗಳಾಗುತ್ತವೆ. ಸಿಂಥೇಸ್ ಎರಡನ್ನೂ ಬೆಳೆಸುತ್ತದೆ. ಕವಲು ಕಿಣ್ವ ಎರಡನ್ನೂ ಮತ್ತೆ ಕತ್ತರಿಸುತ್ತದೆ.

ಈ ಆವರ್ತನೆಯ ಫಲವಾಗಿ ಗ್ಲೈಕೋಜನ್‌ನಲ್ಲಿ ಸರಾಸರಿ ಹದಿಮೂರು ಗ್ಲೂಕೋಸುಗಳ ಗಿಡ್ಡ ಸರಪಳಿಗಳು ನಡುವಿನಿಂದ ಎಲ್ಲ ದಿಕ್ಕಿಗೂ ಸುತ್ತುಸುತ್ತಾಗಿ ಹರಡಿ, ಹೆಚ್ಚೂಕಡಿಮೆ ಹನ್ನೆರಡು ಸುತ್ತುಗಳ ಒಂದು ಗೋಲವಾಗುತ್ತದೆ. ಪೂರ್ತಿ ಬೆಳೆದ ಕಣದಲ್ಲಿ ಸುಮಾರು 55,000 ಗ್ಲೂಕೋಸುಗಳೂ ಸುಮಾರು 2,000 ತೆರೆದ ತುದಿಗಳೂ ಇರುತ್ತವೆ. ಹನ್ನೆರಡಕ್ಕೇ ನಿಲ್ಲುವುದೇಕೆಂದರೆ, ಪ್ರತಿ ಸುತ್ತಿಗೂ ಸರಪಳಿಗಳ ಸಂಖ್ಯೆ ಇಮ್ಮಡಿಯಾಗುತ್ತದೆಯೇ ಹೊರತು ಗೋಲದ ಮೇಲ್ಮೈ ಅಷ್ಟು ವೇಗವಾಗಿ ಹಿಗ್ಗುವುದಿಲ್ಲವಾದ್ದರಿಂದ, ಅದಕ್ಕೂ ಮುಂದೆ ಹೋದರೆ ಹೊರಸುತ್ತಿನಲ್ಲಿ ಕಿಣ್ವಗಳು ನುಸುಳಲು ಜಾಗವೇ ಉಳಿಯುವುದಿಲ್ಲ. ಬೆಳವಣಿಗೆ ತಾನಾಗಿ ನಿಲ್ಲುವಂತೆ ರಚನೆಯೇ ನೋಡಿಕೊಳ್ಳುತ್ತದೆ. ಓಡುವ ಪ್ರಾಣಿಗೆ ಬೇಕಾದದ್ದೂ ಇಂಥದೇ ಸಂಗ್ರಹ: ಬೇಕೆಂದ ಕ್ಷಣದಲ್ಲಿ ಸಾವಿರಾರು ತುದಿಗಳಿಂದ ಏಕಕಾಲಕ್ಕೆ ಗ್ಲೂಕೋಸ್ ಕಳಚಬಹುದು.

ಮಾಂಸದ ಅಂಗಡಿಯಲ್ಲಿ ಇದರ ಕುರುಹು ಕಣ್ಣಿಗೇ ಕಾಣುತ್ತದೆ. ಪ್ರಾಣಿಯನ್ನು ಕಡಿದ ಮೇಲೂ ಕೆಲವು ಗಂಟೆಗಳ ಕಾಲ ಸ್ನಾಯುವಿನ ಕಿಣ್ವಗಳು ಗ್ಲೈಕೋಜನನ್ನು ಒಡೆಯುತ್ತಲೇ ಇದ್ದು, ಆಮ್ಲಜನಕ ಸಿಗದ ಕಾರಣ ಅದು ಲ್ಯಾಕ್ಟಿಕ್ ಆಮ್ಲವಾಗಿ, ಏಳರ ಆಸುಪಾಸಿನಲ್ಲಿದ್ದ ಸ್ನಾಯುವಿನ ಪಿಎಚ್ ಮೌಲ್ಯ, ಅಂದರೆ ಆಮ್ಲೀಯತೆಯ ಅಳತೆ, ಸುಮಾರು 5.5ಕ್ಕೆ ಇಳಿಯುತ್ತದೆ; ಆ ಹುಳಿಯೇ ಮಾಂಸಕ್ಕೆ ಒಳ್ಳೆಯ ಬಣ್ಣವನ್ನೂ ಬಾಳಿಕೆಯನ್ನೂ ಕೊಡುವುದು. ದೂರದಿಂದ ಲಾರಿಯಲ್ಲಿ ತುಂಬಿ ತಂದ, ಹಸಿದು ಬೆದರಿದ ಪ್ರಾಣಿಯ ಸ್ನಾಯುವಿನಲ್ಲಿ ಗ್ಲೈಕೋಜನ್ ಮೊದಲೇ ಬರಿದಾಗಿರುವುದರಿಂದ ಪಿಎಚ್ ಇಳಿಯದೆ, ಮಾಂಸ ಕಪ್ಪಡರಿ, ಒಣಗಿದಂತೆ ಬಿಗಿದುಕೊಂಡು, ಬೇಗ ಕೆಡುತ್ತದೆ. ಪ್ರಾಣಿಗಳನ್ನು ಸಾಗಿಸುವ ರೀತಿಯ ಬಗ್ಗೆ ಕರುಣೆಯ ಮಾತಿಗೆ ಕಿವಿಗೊಡದವರು ಈ ಲೆಕ್ಕವನ್ನಾದರೂ ಗಮನಿಸಬಹುದು.

ಸಸ್ಯಕ್ಕೆ ಓಡುವ ತುರ್ತಿಲ್ಲ. ಅದು ತಿಂಗಳುಗಟ್ಟಲೆ ಇಡಬೇಕು, ಕಡಿಮೆ ಜಾಗದಲ್ಲಿ, ಒಣದಾಗಿ. ಪಿಷ್ಟದ ಐದನೇ ಒಂದರಿಂದ ಮೂರನೇ ಒಂದು ಪಾಲಿನವರೆಗೆ ಅಮೈಲೋಸ್ ಎಂಬ, ಕವಲು ಇಲ್ಲವೆನ್ನುವಷ್ಟು ಕಡಿಮೆಯಿರುವ ಉದ್ದ ಸರಪಳಿ. ಉಳಿದದ್ದು ಅಮೈಲೋಪೆಕ್ಟಿನ್ ಎಂಬ ಕವಲೊಡೆದ ದೈತ್ಯ ಅಣು. ಗ್ಲೈಕೋಜನ್‌ನಲ್ಲಿ ನೂರಕ್ಕೆ ಎಂಟೊಂಬತ್ತು ಬಂಧಗಳು ಕವಲಿನವಾದರೆ ಅಮೈಲೋಪೆಕ್ಟಿನ್‌ನಲ್ಲಿ ಐದಾರು. ಸಂಖ್ಯೆಯಲ್ಲಿ ಅಂತರ ಇಷ್ಟೇ. ನಿಜವಾದ ಅಂತರವಿರುವುದು ಹಂಚಿಕೆಯಲ್ಲಿ. ಗ್ಲೈಕೋಜನ್‌ನ ಕವಲುಗಳು ಎಲ್ಲೆಡೆ ಸಮನಾಗಿ ಹರಡಿಕೊಂಡಿದ್ದರೆ, ಅಮೈಲೋಪೆಕ್ಟಿನ್‌ನಲ್ಲಿ ಅವು ಒಂದೆಡೆ ಗುಂಪುಗೂಡಿ, ನಡುವೆ ಕವಲೇ ಇಲ್ಲದ ಪಟ್ಟಿಯನ್ನು ಬಿಡುತ್ತವೆ. ಆ ಪಟ್ಟಿಯಲ್ಲಿ ಪಕ್ಕಪಕ್ಕದ ಸರಪಳಿಗಳು ಎರಡೆರಡಾಗಿ ಹೊಸೆದುಕೊಂಡು, ನೀರನ್ನು ಹೊರದೂಡಿ, ಸ್ಫಟಿಕವಾಗುತ್ತವೆ. ಕವಲಿನ ಪದರ, ಸ್ಫಟಿಕದ ಪದರ, ಮತ್ತೆ ಕವಲಿನ ಪದರ, ಹೀಗೆ ಒಂಬತ್ತು ನ್ಯಾನೋಮೀಟರಿಗೊಮ್ಮೆ ಮರುಕಳಿಸುವ ಈ ವಿನ್ಯಾಸ ಅಕ್ಕಿಯಿಂದ ಆಲೂಗಡ್ಡೆಯವರೆಗೆ ಎಲ್ಲ ಪಿಷ್ಟಗಳಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯದು. ಅಕ್ಕಿಯ ಪಿಷ್ಟದ ಕಾಳು ಕೆಲವೇ ಮೈಕ್ರೋಮೀಟರುಗಳಷ್ಟು ಸಣ್ಣದು, ಆಲೂಗಡ್ಡೆಯದು ನೂರು ಮೈಕ್ರೋಮೀಟರಿನವರೆಗೂ ಬೆಳೆಯಬಲ್ಲದು. ಒಳಗಿನ ಪದರದ ಅಳತೆ ಮಾತ್ರ ಬದಲಾಗುವುದಿಲ್ಲ.

ಈ ಗುಂಪುಗೂಡುವಿಕೆ ಸಾಧ್ಯವಾಗುವುದು ಸಸ್ಯದಲ್ಲಿ ಕವಲು ಕಿಣ್ವಗಳು ಒಂದಕ್ಕಿಂತ ಹೆಚ್ಚಿರುವುದರಿಂದ. ಒಂದನೆಯ ವರ್ಗದ ಕಿಣ್ವ ಉದ್ದ ತುಂಡುಗಳನ್ನು ಸಾಗಿಸುತ್ತದೆ; ಎರಡನೆಯ ವರ್ಗದ್ದು ಆರೇಳು ಗ್ಲೂಕೋಸುಗಳ ಗಿಡ್ಡ ತುಂಡುಗಳನ್ನು ಮಾತ್ರ ಸಾಗಿಸುತ್ತದೆ. ಇಷ್ಟಾದರೂ ಹಾಕಿದ ಕವಲುಗಳೆಲ್ಲ ಸರಿಯಾದ ಜಾಗದಲ್ಲೇ ಬೀಳುವುದಿಲ್ಲ. ತಪ್ಪಿ ಬಿದ್ದವನ್ನು ಕಿತ್ತುಹಾಕಲು ಐಸೊಅಮೈಲೇಸ್ ಎಂಬ, ಒಂದು-ಆರು ಬಂಧವನ್ನೇ ಕಡಿಯುವ ಕಿಣ್ವವೊಂದಿದೆ. ಕಡಿಯುವ ಕಿಣ್ವವೆಂದರೆ ಪಿಷ್ಟ ಕರಗುವ ಕಾಲಕ್ಕೆ ಮಾತ್ರ ಬೇಕಾದದ್ದೆಂದು ಬಹುಕಾಲ ಭಾವಿಸಲಾಗಿತ್ತು. ಆ ಎಣಿಕೆ ಬಿದ್ದುಹೋದದ್ದು ಮುಸುಕಿನ ಜೋಳದ ಒಂದು ಹಳೆಯ ಸಿಹಿ ತಳಿಯಿಂದ. ಆ ತಳಿಯಲ್ಲಿ ಕೆಟ್ಟಿರುವುದು ಐಸೊಅಮೈಲೇಸಿನ ವಂಶವಾಹಿ ಎಂದು 1995ರಲ್ಲಿ ಗೊತ್ತಾಯಿತು. ಕಡಿಯುವವರಿಲ್ಲದೆ ಕವಲುಗಳು ಎಲ್ಲೆಂದರಲ್ಲಿ ಉಳಿದುಬಿಡುವ ಆ ಕಾಳಿನಲ್ಲಿ ಪಿಷ್ಟದ ಬಹುಪಾಲು ಜಾಗವನ್ನು ಆಕ್ರಮಿಸಿರುವುದು ನೀರಿನಲ್ಲಿ ಕರಗುವ, ರಚನೆಯಲ್ಲಿ ಯಕೃತ್ತಿನ ಗ್ಲೈಕೋಜನನ್ನೇ ಹೋಲುವ ಪದಾರ್ಥ. ಅದಕ್ಕೆ ಸಸ್ಯಗ್ಲೈಕೋಜನ್ ಎಂದೇ ಹೆಸರು. ಸ್ಫಟಿಕ ಹುಟ್ಟಬೇಕಾದರೆ ಕವಲು ಹಾಕುವುದರಷ್ಟೇ ಕವಲು ತೆಗೆಯುವುದೂ ಅಗತ್ಯವೆಂದಾಯಿತು. ಇಂದು ಸ್ವೀಟ್ ಕಾರ್ನ್ ಎಂದು ಮಾರಾಟವಾಗುವ ಅತಿಸಿಹಿಯ ಹಲವು ತಳಿಗಳಲ್ಲಿ ಕೆಟ್ಟಿರುವ ವಂಶವಾಹಿ ಬೇರೆಯದೇ. ಅದು ಪಿಷ್ಟದ ಕಚ್ಚಾವಸ್ತು ಸಿದ್ಧವಾಗುವುದನ್ನೇ ತಡೆಯುತ್ತದೆ.

ಬಟಾಣಿಯ ಕತೆ ಇನ್ನೂ ಸೊಗಸು. ತರಕಾರಿ ಸಾಲಿನಲ್ಲಿ ಹೊರಸಿಪ್ಪೆಯ ಸಮೇತ ಸಿಗುವ, ಸುಲಿದು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡರೂ ಸಿಹಿಯಾಗಿರುವ ಬಟಾಣಿಯ ತಳಿಗಳಲ್ಲಿ ಹೆಚ್ಚಿನವು ಒಣಗಿದಾಗ ಮುದುಡಿ ಸುಕ್ಕುಗಟ್ಟುತ್ತವೆ. ಮಸಾಲೆಪುರಿಗೆ ರಾತ್ರಿಯೇ ನೆನೆಹಾಕುವ, ದಿನಸಿ ಅಂಗಡಿಯ ಒಣ ಬಟಾಣಿ ಗುಂಡಗೆ ನುಣುಪಾಗಿರುತ್ತದೆ. ಗ್ರೆಗೊರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ, ಆನುವಂಶಿಕ ವಿಜ್ಞಾನಕ್ಕೆ ತಳಹದಿಯಾದ ಪ್ರಬಂಧದಲ್ಲಿ ಎಣಿಸಿದ ಏಳು ಲಕ್ಷಣಗಳಲ್ಲಿ ಈ ಗುಂಡು-ಸುಕ್ಕು ಜೋಡಿಯೂ ಒಂದು. ಸುಕ್ಕಿನ ಕಾರಣವನ್ನು 1990ರಲ್ಲಿ ಇಂಗ್ಲೆಂಡಿನ ನಾರಿಚ್‌ನ ಜಾನ್ ಇನ್ಸ್ ಸಂಸ್ಥೆಯಲ್ಲಿ ಮದನ್ ಭಟ್ಟಾಚಾರ್ಯ ಮತ್ತು ಸಂಗಡಿಗರು ಬಯಲುಮಾಡಿದರು: ಬಟಾಣಿಯ ಒಂದು ಕವಲು ಕಿಣ್ವದ ವಂಶವಾಹಿಯೊಳಗೆ ಸುಮಾರು ಎಂಟುನೂರು ಅಕ್ಷರಗಳಷ್ಟು ಉದ್ದದ ಡಿಎನ್‌ಎ ತುಣುಕೊಂದು ಎಲ್ಲಿಂದಲೋ ಬಂದು ಸೇರಿಕೊಂಡು, ಕಿಣ್ವ ಸರಿಯಾಗಿ ರೂಪುಗೊಳ್ಳದಂತೆ ಮಾಡಿತ್ತು. ಕವಲಿಲ್ಲದೆ ತುದಿಗಳಿಲ್ಲ, ತುದಿಗಳಿಲ್ಲದೆ ಸಿಂಥೇಸಿಗೆ ಗ್ಲೂಕೋಸ್ ಸೇರಿಸಲು ಜಾಗವಿಲ್ಲ. ಹೀಗಾಗಿ ಪಿಷ್ಟ ಕಡಿಮೆಯಾಗಿ, ಬಳಕೆಯಾಗದ ಸಕ್ಕರೆ ಕಾಳಿನಲ್ಲೇ ಉಳಿಯುತ್ತದೆ. ನಾಲಿಗೆಗೆ ಸಿಗುವ ಸಿಹಿ ಅದೇ. ಆ ಸಕ್ಕರೆ ಅಭಿಸರಣದ ನಿಯಮದಂತೆ ಹೆಚ್ಚು ನೀರನ್ನು ಎಳೆದುಕೊಂಡು ಎಳೆಗಾಳನ್ನು ಉಬ್ಬಿಸುತ್ತದೆ. ಕಾಳು ಬಲಿತು ಒಣಗುವಾಗ ಆ ನೀರು ಹೋಗಿ ಸಿಪ್ಪೆ ಸಡಿಲವಾಗಿ ಸುಕ್ಕುಗಟ್ಟುತ್ತದೆ. ಉಳಿದಿರುವ ಪಿಷ್ಟದಲ್ಲೂ ಅಮೈಲೋಸಿನ ಪಾಲು ಗುಂಡು ಬಟಾಣಿಯಲ್ಲಿರುವುದರ ಸುಮಾರು ಇಮ್ಮಡಿ. ಮೆಂಡೆಲ್‌ಗೆ ಕಂಡದ್ದು ಕಾಳಿನ ಆಕಾರ. ಅದರ ಹಿಂದಿದ್ದದ್ದು ಕತ್ತರಿಸಿ ಕೂಡಿಸಬೇಕಾದಲ್ಲಿ ಕೂಡಿಸದೆ ಉಳಿದ ಒಂದು ಬಂಧ.

ಅಕ್ಕಿಯ ವಿಷಯದಲ್ಲಿ ಇಂಥದೊಂದು ಶೋಧ ಕರ್ನಾಟಕದಲ್ಲೇ ನಡೆದಿದೆ, ಆದರೆ ಅದು ಸಿಗಬೇಕಾದಷ್ಟು ಪ್ರಚಾರ ಪಡೆದಿಲ್ಲ. ಅನ್ನ ಉದುರುದುರಾಗುವುದೋ ಮುದ್ದೆಯಾಗುವುದೋ ಎಂಬುದನ್ನು ಅಮೈಲೋಸಿನ ಶೇಕಡಾವಾರು ಪ್ರಮಾಣ ನಿಶ್ಚಯಿಸುತ್ತದೆಂಬುದು ಜಗತ್ತಿನ ಭತ್ತ ಸಂಶೋಧಕರು ಒಪ್ಪಿದ್ದ ಮಾತು: ಕಡಿಮೆಯಿದ್ದರೆ ಅಂಟು, ಹೆಚ್ಚಿದ್ದರೆ ಬಿಡಿ. ಆದರೆ ಅಮೈಲೋಸ್ ಪ್ರಮಾಣ ಒಂದೇ ಆಗಿರುವ ಎರಡು ತಳಿಗಳ ಅನ್ನ ಬೇರೆಬೇರೆ ಹದಕ್ಕೆ ಬರುವುದನ್ನು ಗಮನಿಸಿದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ, ಅಂದರೆ ಸಿಎಫ್‌ಟಿಆರ್‌ಐನ, ಕೆ. ಆರ್. ಭಟ್ಟಾಚಾರ್ಯ ಮತ್ತು ಸಹೋದ್ಯೋಗಿಗಳು, ಒಟ್ಟು ಅಮೈಲೋಸಿಗಿಂತ ಬಿಸಿನೀರಿನಲ್ಲಿ ಕರಗದೆ ಉಳಿಯುವ ಅಮೈಲೋಸಿನ ಪ್ರಮಾಣಕ್ಕೂ ಅನ್ನದ ಗಡಸಿಗೂ ಹೆಚ್ಚು ಹೊಂದಿಕೆಯಿದೆಯೆಂದು ತೋರಿಸಿದರು. ಕರಗದ್ದೇಕೆ ಎಂದು ಬೆನ್ನುಹತ್ತಿದಾಗ ದೊರೆತ ಉತ್ತರವನ್ನು ಕೆ. ರಾಧಿಕಾ ರೆಡ್ಡಿ, ಎಸ್. ಜಕಿಯುದ್ದೀನ್ ಅಲಿ ಮತ್ತು ಭಟ್ಟಾಚಾರ್ಯ 1993ರಲ್ಲಿ ಪ್ರಕಟಿಸಿದರು. ಅಯೋಡಿನ್ ಪರೀಕ್ಷೆಯಲ್ಲಿ ಅಮೈಲೋಸ್ ಎಂದು ಲೆಕ್ಕಕ್ಕೆ ಬಂದಿದ್ದ ನೀಲಿಯ ಒಂದು ಭಾಗ ಅಮೈಲೋಸಿನದಾಗಿರದೆ, ಅಮೈಲೋಪೆಕ್ಟಿನ್‌ನದೇ ಉದ್ದ ಸರಪಳಿಗಳದಾಗಿತ್ತು. ಹೆಚ್ಚು ಉದ್ದ ಸರಪಳಿಗಳುಳ್ಳ ಅಮೈಲೋಪೆಕ್ಟಿನ್ ತನ್ನೊಳಗೂ ನೆರೆಯ ಅಣುಗಳೊಡನೆಯೂ ಬಿಗಿಯಾಗಿ ಹೆಣೆದುಕೊಂಡು, ಬೇಯುವಾಗ ಪಿಷ್ಟದ ಕಾಳು ಒಡೆಯದಂತೆ ಹಿಡಿದಿಟ್ಟು, ಅನ್ನವನ್ನು ಗಡುಸಾಗಿ ಬಿಡಿಬಿಡಿಯಾಗಿಸುತ್ತದೆ. ಗಿಡ್ಡ ಸರಪಳಿಗಳೇ ಹೆಚ್ಚಿದ್ದರೆ ಕಾಳು ಉಬ್ಬಿ ಕುಸಿದು ಅನ್ನ ಮೆತ್ತಗಾಗುತ್ತದೆ. ಸರಪಳಿ ಎಷ್ಟು ಬೆಳೆದ ಮೇಲೆ ಕತ್ತರಿಸಲ್ಪಡುತ್ತದೆ ಎಂಬುದು ಸಿಂಥೇಸುಗಳ ವೇಗಕ್ಕೂ ಕವಲು ಕಿಣ್ವಗಳ ವೇಗಕ್ಕೂ ಇರುವ ಹೊಂದಾಣಿಕೆಯ ಫಲವಾದ್ದರಿಂದ, ಬಿರಿಯಾನಿಯ ಅಕ್ಕಿ ಕೊಳ್ಳುವವರು ಉದುರುದುರಾದ ಅನ್ನಕ್ಕೆಂದು ಕೊಡುವ ಹೆಚ್ಚಿನ ಬೆಲೆ ಒಂದರ್ಥದಲ್ಲಿ ಈ ಹೊಂದಾಣಿಕೆಗೆ ಕೊಡುವ ಬೆಲೆ.

ಮನುಷ್ಯನಲ್ಲಿ ಈ ಹೊಂದಾಣಿಕೆ ತಪ್ಪಿದರೆ ಪರಿಣಾಮ ಘೋರ. 1956ರಲ್ಲಿ ಅಮೆರಿಕದ ರೋಗವಿಜ್ಞಾನಿ ಡೊರೊಥಿ ಆಂಡರ್ಸನ್ ವರ್ಣಿಸಿದ, ಈಗ ಅವರ ಹೆಸರಿನಿಂದಲೇ ಕರೆಯಲಾಗುವ ಅಪರೂಪದ ಕಾಯಿಲೆಯಲ್ಲಿ ಕೂಸಿನ ಯಕೃತ್ತು ಊದಿಕೊಂಡು, ಕೆಲವೇ ವರ್ಷಗಳಲ್ಲಿ ನಾರುಗಟ್ಟಿ ಕೆಲಸ ನಿಲ್ಲಿಸುತ್ತದೆ. ಆ ಯಕೃತ್ತಿನ ಗ್ಲೈಕೋಜನ್ ಪ್ರಮಾಣದಲ್ಲಿ ವಿಪರೀತವಾಗಿರದಿದ್ದರೂ ಅದರ ಸರಪಳಿಗಳು ಅಮೈಲೋಪೆಕ್ಟಿನ್‌ನವುಗಳಂತೆ ಉದ್ದವಾಗಿರುತ್ತವೆ. ಕವಲು ಕಿಣ್ವದ ಕೊರತೆಯೇ ಇದಕ್ಕೆ ಕಾರಣವೆಂದು 1966ರಲ್ಲಿ ಬಾರ್ಬರಾ ಬ್ರೌನ್ ಮತ್ತು ಡೇವಿಡ್ ಬ್ರೌನ್ ತೋರಿಸಿದರು. ಹದಿಹರೆಯದಲ್ಲಿ ಸೆಳವುಗಳಿಂದ ಆರಂಭವಾಗಿ ಬುದ್ಧಿಯನ್ನು ಕುಂದಿಸುತ್ತ ಹೋಗುವ ಲಫೋರಾ ಕಾಯಿಲೆಯಲ್ಲಿ ಕವಲು ಕಿಣ್ವಕ್ಕೇನೂ ಆಗಿರುವುದಿಲ್ಲ. ಸರಪಳಿಯ ಉದ್ದವನ್ನು ಹತೋಟಿಯಲ್ಲಿಡುವ ಬೇರೆ ಎರಡು ಪ್ರೋಟೀನುಗಳಲ್ಲಿ ಒಂದು ಕೆಟ್ಟು, ಉದ್ದ ಸರಪಳಿಯ ಗ್ಲೈಕೋಜನ್ ನರಕೋಶಗಳಲ್ಲಿ ಕರಗದ ಗಂಟುಗಳಾಗಿ ಕೂರುತ್ತದೆ. ಅದೇ ಗಂಟುಗಳು ಬೆವರು ಗ್ರಂಥಿಯ ನಾಳದ ಕೋಶಗಳಲ್ಲೂ ಇರುವುದರಿಂದ ಕಂಕುಳಿನ ಚರ್ಮದ ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿ ರೋಗವನ್ನು ಗುರುತಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ಕಾಯಿಲೆಯ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ.

ನರಕೋಶದಲ್ಲಿ ಕರಗದೆ ಕೂರುವ ಉದ್ದ ಸರಪಳಿ ಕರುಳಿನಲ್ಲಿ ಕರಗದಿದ್ದರೆ ಒಳಿತೇ ಆಗಬಹುದೆಂಬ ಯೋಚನೆಯಿಂದ ಗೋಧಿಯ ಕವಲು ಕಿಣ್ವಕ್ಕೆ ವಿಜ್ಞಾನಿಗಳು ಕೈಹಾಕಿದ್ದಾರೆ. ಜೀರ್ಣವಾಗದೆ ದೊಡ್ಡ ಕರುಳು ತಲುಪುವ ಪಿಷ್ಟವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ಹಿತವಾದ ಆಮ್ಲಗಳಾಗಿ ಬದಲಿಸುತ್ತವೆ, ರಕ್ತಕ್ಕೆ ಸಕ್ಕರೆ ಏರುವ ವೇಗವೂ ತಗ್ಗುತ್ತದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧಕರು 2006ರಲ್ಲಿ ಎರಡನೆಯ ವರ್ಗದ ಕವಲು ಕಿಣ್ವಗಳನ್ನು ಅಡಗಿಸಿ, ಸಾಮಾನ್ಯವಾಗಿ ಕಾಲುಭಾಗದಷ್ಟಿರುವ ಅಮೈಲೋಸನ್ನು ಶೇ 70ಕ್ಕೂ ಮೇಲೇರಿಸಿದ ಗೋಧಿಯನ್ನು ಬೆಳೆದು ತೋರಿಸಿದರು. ಇಲಿಗಳ ಕರುಳಿನ ಆರೋಗ್ಯ ಅದರಿಂದ ಸುಧಾರಿಸಿತು. ಇದನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ಕೂಗಿ ಮಾರುವವರ ಮಾತನ್ನು ಅಷ್ಟಕ್ಕೇ ಬಿಡುವುದು ಮೇಲು. ವಂಶವಾಹಿ ತಂತ್ರಜ್ಞಾನವಿಲ್ಲದೆ ಸಾಂಪ್ರದಾಯಿಕ ತಳಿ ಸಂಕರದಿಂದಲೂ ಇಂಥ ಗೋಧಿಯನ್ನು ಆಮೇಲೆ ಪಡೆಯಲಾಯಿತಾದರೂ ಅದು ಸುಲಭದ ಕೆಲಸವಾಗಿರಲಿಲ್ಲ. ಬ್ರೆಡ್ಡಿಗೂ ಚಪಾತಿಗೂ ಬಳಕೆಯಾಗುವ ಗೋಧಿ ಮೂರು ಹಳೆಯ ಹುಲ್ಲುಗಳ ವಂಶವಾಹಿಗಳನ್ನು ಒಟ್ಟಿಗೆ ಹೊತ್ತುಕೊಂಡಿರುವುದರಿಂದ ಅದರಲ್ಲಿ ಈ ಕಿಣ್ವದ ಪ್ರತಿಗಳೂ ಮೂರಿದ್ದು, ಮೂರನ್ನೂ ಬೇರೆಬೇರೆ ಸಸ್ಯಗಳಲ್ಲಿ ಕೆಡಿಸಿ ಒಂದೇ ತಳಿಗೆ ತರಬೇಕಾಗುತ್ತದೆ. ಎರಡು ಕೆಟ್ಟು ಒಂದು ಉಳಿದರೂ ಆ ಒಂದೇ ಪ್ರತಿ ಕೆಲಸವನ್ನೆಲ್ಲ ಸರಿದೂಗಿಸಿ, ಅಮೈಲೋಸಿನ ಪ್ರಮಾಣ ಹೇಳಿಕೊಳ್ಳುವಷ್ಟು ಏರದಂತೆ ನೋಡಿಕೊಳ್ಳುತ್ತದೆ.